ಕೋಡ್ ಬಂತು, ಸೆನ್ಸರ್ ಬದಲಾಯ್ತು, ದೀಪ ಮತ್ತೆ ಹೊತ್ತಿತು

ಪ್ರಶ್ನೆ: ಬೈಕಿನ ಇಂಜಿನ್ ದೀಪ ಹೊತ್ತಿತ್ತು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಪಿ0131 ಅಂತ ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಮೂರೇ ದಿನಕ್ಕೆ ಅದೇ ದೀಪ, ಅದೇ ಕೋಡ್. ಹೊಸ ಸೆನ್ಸರ್ ಡೂಪ್ಲಿಕೇಟ್ ಇರಬಹುದಾ?

ಉತ್ತರ: ಕೋಡಿನ ನಂಬರ್ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ, ಸ್ಕ್ಯಾನರ್ ಹಿಡಿದವರ ಮೇಲೆ. ಪಿ0131 ಅಂದರೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಆ ಸೆನ್ಸರಿನ ಸರ್ಕ್ಯೂಟಿನಿಂದ ಬರುತ್ತಿರುವ ವೋಲ್ಟೇಜ್ ಕಡಿಮೆ ಅಂತ, ಅಷ್ಟೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ವೈರಿನ ಈ ತುದಿಯಲ್ಲಿ ಕೂತಿರುತ್ತದೆ. ಆ ತುದಿಯಲ್ಲಿ ಏನಾಗಿದೆ ಅಂತ ಎದ್ದು ಹೋಗಿ ನೋಡುವುದು ಮನುಷ್ಯನ ಕೆಲಸ.

ಈ ಸೆನ್ಸರ್ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುತ್ತದೆ. ಗಾಳಿ ಜಾಸ್ತಿ ಇದ್ದರೆ 0.1 ವೋಲ್ಟ್ ಆಸುಪಾಸು, ಪೆಟ್ರೋಲ್ ಜಾಸ್ತಿ ಇದ್ದರೆ 0.9ರ ಹತ್ತಿರ. ಇಂಜಿನ್ ಬಿಸಿಯಾದ ಮೇಲೆ ಇವೆರಡರ ನಡುವೆ ತೂಗಾಡುತ್ತಾ ಇರಬೇಕು. ನಿಮ್ಮದು ಕೆಳಗೇ ಅಂಟಿಕೊಂಡಿದೆ. ಏಕೆ ಅನ್ನುವುದಕ್ಕೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಇದಕ್ಕೆ ಸ್ಕ್ಯಾನರ್ ಬೇಡ.

ಪ್ಲಗ್ ಮಸಿ ಹಿಡಿದಿದ್ದರೆ ಸೆನ್ಸರಿಗೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ಹೆಚ್ಚಾಗಿ ಅದು ಇಂಜಿನ್ ಹೆಡ್ಡಿಗೂ ಸೈಲೆನ್ಸರ್ ಪೈಪಿಗೂ ನಡುವಿನ ಸಂದಿ ಮುಚ್ಚುವ ಗ್ಯಾಸ್ಕೆಟ್. ಹೊಗೆ ಒಂದೊಂದೇ ಗುಕ್ಕಾಗಿ ಹೋಗುತ್ತದೆ. ಎರಡು ಗುಕ್ಕುಗಳ ನಡುವೆ ಪೈಪಿನೊಳಗೆ ಒತ್ತಡ ಇಳಿದು, ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಇದು ಇನ್ನೂ ಜೋರು. ಸೆನ್ಸರ್ ಪ್ರಾಮಾಣಿಕವಾಗಿ 'ಗಾಳಿ ಜಾಸ್ತಿ' ಅನ್ನುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಆ ಜಾಯಿಂಟಿನ ಸುತ್ತ ಕಪ್ಪು ಕಲೆ ಕಾಣುತ್ತಾ, ನೋಡಿ. ಪ್ಲಗ್ ಬೆಳ್ಳಗೆ ಸುಟ್ಟಂತಿದ್ದರೆ ಕಥೆ ಬೇರೆ: ಪೆಟ್ರೋಲ್ ನಿಜಕ್ಕೂ ಸಾಲುತ್ತಿಲ್ಲ. ಆಗ ಥ್ರಾಟಲ್ ಬಾಡಿಯ ರಬ್ಬರ್ ಬಿರುಕು, ಕಟ್ಟಿಕೊಂಡ ಇಂಜೆಕ್ಟರ್, ಸೋತ ಪೆಟ್ರೋಲ್ ಪಂಪ್ ಹುಡುಕಬೇಕು.

ಇದ್ಯಾವುದೂ ಅಲ್ಲದಿದ್ದರೆ ವೈರ್. ಸೈಲೆನ್ಸರ್ ಪೈಪಿಗೆ ತಾಗಿ ಇನ್ಸುಲೇಷನ್ ಕರಗಿ ಫ್ರೇಮಿಗೆ ಮುಟ್ಟಿದರೆ ವೋಲ್ಟೇಜ್ ಸೊನ್ನೆ. ಒಂದೇ ವೈರಿನ ಸೆನ್ಸರ್ ಆದರೆ ಅರ್ಥಿಂಗ್ ಸಿಗುವುದು ಅದರ ಥ್ರೆಡ್ಡಿನಿಂದಲೇ. ಅಲ್ಲಿ ತುಕ್ಕಿದ್ದರೆ ಹೊಸ ಸೆನ್ಸರ್ ಹಾಕಿ ಏನು ಪ್ರಯೋಜನ? ಸ್ಕ್ಯಾನರಿನ ಲೈವ್ ಡೇಟಾದಲ್ಲಿ, ಅಂದರೆ ಆಯಾ ಕ್ಷಣದ ಅಂಕಿಗಳಲ್ಲಿ, ವೋಲ್ಟೇಜ್ ನೋಡುತ್ತಾ ಬಿಸಿ ಇಂಜಿನ್ನಿಗೆ ಒಮ್ಮೆ ರಪ್ಪಂತ ರೇಸ್ ಕೊಡಿ. ಅದು 0.8 ದಾಟಿ ಏರಿದರೆ ಸೆನ್ಸರ್ ಬದುಕಿದೆ. ಸ್ಕ್ಯಾನರ್ ಇರುವುದು ಇದಕ್ಕೆ. ಬರೀ ಕೋಡ್ ಓದಲು ಹಲವು ಬೈಕುಗಳಲ್ಲಿ ದೀಪ ಎಷ್ಟು ಸಲ ಮಿನುಗಿತು ಅಂತ ಎಣಿಸಿದರೂ ಸಾಕು.

ಇನ್ನೊಂದು ವಿಷಯ. ಗ್ಯಾಸ್ಕೆಟ್ ಸೋರಿಕೆ ಕಂಡರೆ ಅಲ್ಲಿಗೆ ಕೈಗೆ ಸಿಕ್ಕ ಸಿಲಿಕಾನ್ ಪೇಸ್ಟ್ ಮೆತ್ತಲು ಬಿಡಬೇಡಿ. ಅದರ ಆವಿ ಸೆನ್ಸರಿಗೆ ವಿಷ. ಹಾಗೆಯೇ, ಚೆಕ್ ಮಾಡುವ ನೆಪದಲ್ಲಿ ವೈರಿಗೆ ಗುಂಡುಪಿನ್ನು ಚುಚ್ಚುವವರ ಕೈಗೆ ಬೈಕ್ ಕೊಡಬೇಡಿ. ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರಾಗುತ್ತದೆ. ಆರು ತಿಂಗಳ ಮೇಲೆ ಬರುವ ಹೊಸ ಕೋಡಿಗೆ ಆ ಪಿನ್ನೇ ಕಾರಣ ಅಂತ ಯಾರಿಗೆ ಹೊಳೆಯುತ್ತದೆ?

ಪ್ರಶ್ನೆ: ಕೋಡ್ ಕ್ಲಿಯರ್ ಮಾಡಿದರೆ ಸಾಕಲ್ವಾ?

ಉತ್ತರ: ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ. ಅದೂ ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದಲ್ಲಿ ಇಸಿಯು ದಾಖಲಿಸಿಟ್ಟ ಅಂಕಿಗಳು) ಬರೆದಿಟ್ಟುಕೊಳ್ಳದೆ ಕ್ಲಿಯರ್ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ.

ಪ್ರಶ್ನೆ: ಒಟ್ಟಿಗೆ ಐದಾರು ಕೋಡ್ ಬಂದಿವೆ. ಇಸಿಯು ಹೋಗಿದೆಯಾ?

ಉತ್ತರ: ಮೊದಲು ಬ್ಯಾಟರಿ ಅಳೆಯಿರಿ. ನಿಂತಾಗ 12.6 ವೋಲ್ಟ್ ಸುತ್ತಮುತ್ತ, ಇಂಜಿನ್ ಓಡುವಾಗ 14ರ ಹತ್ತಿರ ಇರಬೇಕು. ವೋಲ್ಟೇಜ್ ಕುಸಿದರೆ ಇಸಿಯು ಎಲ್ಲರ ಮೇಲೂ ದೂರು ಹೇಳುತ್ತದೆ. ನಾನೇ ಒಮ್ಮೆ ಸೋತ ಬ್ಯಾಟರಿಯಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಕೈಹಾಕಿ ಒಂದು ಒಳ್ಳೆಯ ಇಸಿಯು ಕಳೆದುಕೊಂಡಿದ್ದೇನೆ. ಈಗ ಪಕ್ಕದಲ್ಲಿ ಪವರ್ ಸಪ್ಲೈ ಇಲ್ಲದಿದ್ದರೆ ಆ ಬಟನ್ ಮುಟ್ಟುವುದಿಲ್ಲ.

ಪ್ರಶ್ನೆ: ಕಾರಿನ ಕೋಡ್ ಓದುವ ಬ್ಲೂಟೂತ್ ರೀಡರ್ ಬೈಕಿಗೆ ಆಗುತ್ತಾ?

ಉತ್ತರ: ಕೆಲವಕ್ಕೆ ಆಗುತ್ತದೆ. ಕಾರಿನ ಸಾಕೆಟ್ 16 ಪಿನ್, ಬೈಕುಗಳದು ಬೇರೆ ಬೇರೆ. ನಿಮ್ಮ ಮಾಡೆಲ್ಲಿಗೇ ಮಾಡಿದ ಅಡಾಪ್ಟರ್ ಬೇಕು. ಪಿನ್ ಅದಲುಬದಲಾಗಿ ಡೇಟಾ ವೈರಿಗೆ 12 ವೋಲ್ಟ್ ಹೋದರೆ ನನ್ನನ್ನು ಕೇಳಬೇಡಿ. ಕೆಲಸ ಮುಗಿದ ಮೇಲೆ ಕಿತ್ತಿಡಿ, ಬೈಕಿನ ಬ್ಯಾಟರಿ ಚಿಕ್ಕದು.

ಪ್ರಶ್ನೆ: ಅದೇ ಸಾಕೆಟ್ಟಿಗೆ ಸಿಕ್ಕಿಸಿದರೆ ಮೈಲೇಜ್ ಹೆಚ್ಚಿಸುವ ಡಬ್ಬಿ?

ಉತ್ತರ: ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿ.