ನಿಮ್ಮ ಶೆಡ್ಯೂಲ್ ತಪ್ಪಲ್ಲ

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಬಸ್ ಡಿಪೋದಲ್ಲಿ 30 ವರ್ಷ ಶೆಡ್ಯೂಲ್ ಅಂದುಕೊಂಡೇ ಕೆಲಸ ಮಾಡಿದೆ. ಮೊನ್ನೆ ಬೀಗರ ಮುಂದೆ ಮಗ “ಅದು ಸ್ಕೆಡ್ಯೂಲ್, ಅಪ್ಪಾಜಿ” ಅಂದ. ಅದೇ ವಾರ ಮೊಮ್ಮಗಳು ಕಲರ್ ಪದದಲ್ಲಿ ಯು ಅಕ್ಷರ ಬಿಟ್ಟಳೆಂದು ಒಂದು ಮಾರ್ಕು ಹೋಯಿತು. ಮೊಬೈಲ್ ನೋಡಿದರೆ ಯು ಇಲ್ಲದ್ದೇ ಸರಿ ಅನ್ನುತ್ತದೆ. ಯಾರನ್ನು ನಂಬಬೇಕು? ನಾನಂತೂ ಇನ್ನು ಮಗನ ಮುಂದೆ ಇಂಗ್ಲಿಷ್ ಪದ ಆಡುವುದಿಲ್ಲ.’

ಸಂಪಾದಕರ ಉತ್ತರ:

ನಮಸ್ಕಾರ ಹಿರಿಯರೇ. ನೀವು ಅಂದದ್ದು ಸರಿಯಾಗಿಯೇ ಇದೆ. ಶೆಡ್ಯೂಲ್ ಇಂಗ್ಲೆಂಡಿನ ರೂಢಿ. ಮಗ ಅಂದದ್ದು ಅಮೆರಿಕದ್ದು. ಅವರ ಆಫೀಸಿನಲ್ಲಿ ಅದೇ ಜಾಸ್ತಿ ಕಿವಿಗೆ ಬೀಳುತ್ತಿರಬಹುದು. ಈಗ ಇಂಗ್ಲೆಂಡಿನ ಹುಡುಗರೂ ಸ್ಕೆಡ್ಯೂಲ್ ಅನ್ನತೊಡಗಿದ್ದಾರೆ. ಇನ್ನೊಂದು ಸಂಗತಿ ಕೇಳಿ. ಈ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಶ’ನೂ ಇರಲಿಲ್ಲ, ‘ಸ್ಕ’ನೂ ಇರಲಿಲ್ಲ. ಸುಮ್ನೆ ಸೆಡ್ಯೂಲ್ ಅನ್ನುತ್ತಿದ್ದರು. ಬರವಣಿಗೆಯಲ್ಲಿ ಸಿ, ಎಚ್ ಸೇರಿಕೊಂಡ ಮೇಲೆ ಓದುವವರು ಬೇರೆ ಬೇರೆ ದಾರಿ ಹಿಡಿದರು.

ಕಲರ್ ಜಗಳವೂ ಹಳೆಯದೇ. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ ಅವರ ನಿಘಂಟಿನಲ್ಲಿ ಯು ಇದೆ. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತಮ್ಮ ನಿಘಂಟಿನಲ್ಲಿ ಅದನ್ನು ತೆಗೆದರು. ಜಾನ್ಸನ್ ಮ್ಯೂಸಿಕ್ ಪದದ ಕೊನೆಗೆ ಕೆ ಕೂಡ ಹಾಕಿದ್ದರು. ವೆಬ್‌ಸ್ಟರ್ ಅದನ್ನೂ ಕಿತ್ತರು. ಇಂಗ್ಲೆಂಡಿನವರೂ ಆ ಕೆ ಕೈಬಿಟ್ಟರು, ಯು ಮಾತ್ರ ಬಿಡಲಿಲ್ಲ. ನಮ್ಮ ಪಠ್ಯಪುಸ್ತಕಗಳು ಇಂಗ್ಲೆಂಡಿನ ಕಡೆ. ಆದ್ದರಿಂದ ಮೊಮ್ಮಗಳು ಪರೀಕ್ಷೆಯಲ್ಲಿ ಯು ಬರೆಯಲಿ. ಮೊಬೈಲಿನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯನ್ನು ‘ಇಂಗ್ಲಿಷ್, ಇಂಡಿಯಾ’ ಮಾಡಿಬಿಡಿ, ಅದೂ ದಾರಿಗೆ ಬರುತ್ತದೆ. ಆದರೆ ಟೀಚರ್ ಬರಿ ಕೆಂಪು ಗೀಟು ಎಳೆದು ಬಿಡಬಾರದಿತ್ತು. ‘ಇದು ಅಮೆರಿಕದವರು ಬರೆಯೋ ರೀತಿ ಕಣಮ್ಮ, ನಾವು ಹೀಗೆ ಬರೀತೀವಿ’ ಅಂದಿದ್ದರೆ ಮಗು ಒಂದು ಹೊಸ ವಿಷಯ ಕಲಿಯುತ್ತಿತ್ತು, ಅಲ್ವಾ?

ನನಗೆ ಈ ಗೀಟಿನ ನೋವು ಗೊತ್ತು. ಆರನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದುವಾಗ ‘ಐಲ್ಯಾಂಡ್’ ಅನ್ನುವ ಬದಲು ‘ಇಸ್ಲ್ಯಾಂಡ್’ ಅಂದೆ. ಪುಸ್ತಕದಲ್ಲಿ ಎಸ್ ಎದ್ದು ಕಾಣುತ್ತಿತ್ತು. ಕನ್ನಡದ ಹುಡುಗ, ಬರೆದದ್ದನ್ನು ಓದಿದೆ. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಆಮೇಲೆ ಆ ವರ್ಷವೆಲ್ಲ ನಾನು ಗಟ್ಟಿಯಾಗಿ ಓದಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು: ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಎಸ್ ಇರಲೇ ಇಲ್ಲ. ಲ್ಯಾಟಿನ್ ಮೂಲದ ಬೇರೊಂದು ಪದದ ಜೊತೆ ನಂಟು ಕಲ್ಪಿಸಿ, ನಡುವೆ ತಂದು ಸೇರಿಸಿದರು. ಸಾಲ ಎಂಬ ಅರ್ಥದ ಡೆಟ್ ಪದದಲ್ಲಿರುವ ಬಿ ಕೂಡ ಹಾಗೇ, ಲ್ಯಾಟಿನ್ ನೋಡಿ ತುರುಕಿದ್ದು. ಅವರ ಪಂಡಿತರು ಮಾಡಿದ ಎಡವಟ್ಟಿಗೆ ನಮ್ಮ ಮಕ್ಕಳು ಯಾಕೆ ತಲೆ ತಗ್ಗಿಸಬೇಕು?

ಇಂಗ್ಲಿಷಿಗೆ ಇರುವುದು 26 ಅಕ್ಷರ. ಧ್ವನಿಗಳು 40ಕ್ಕೂ ಜಾಸ್ತಿ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಹಾಕಿದ ಮೇಲೆ ಕಾಗುಣಿತ ನಿಧಾನಕ್ಕೆ ಗಟ್ಟಿಯಾಗುತ್ತ ಬಂತು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಕಿವಿಗೂ ಕಣ್ಣಿಗೂ ತಾಳೆಯಾಗದಿರುವುದು ಅದಕ್ಕೇ.

ನಮ್ಮೂರಿನ ಬೆಣ್ಣೆ ದೋಸೆಯನ್ನೇ ನೋಡಿ. ನಾವು ಅನ್ನುವ ಹಾಗೇ ಬರೆಯೋಣ ಅಂತ ಬೋರ್ಡಿನ ಮೇಲೆ ಡಿ, ಓ, ಎಸ್, ಇ ಬರೆಸಿದರೆ ಹೊರಗಿನವರು ಅದನ್ನು ‘ಡೋಸ್’ ಎಂದು ಓದುತ್ತಾರೆ, ಔಷಧಿಯ ಡೋಸ್. ಕೊನೆಗೆ ಎ ಹಾಕಿದರೆ ‘ದೋಸಾ’ ಆಗುತ್ತದೆ, ನಮ್ಮ ನಾಲಿಗೆಗೆ ಒಗ್ಗುವುದಿಲ್ಲ. ನಾನಾದರೆ ಇ ಹಾಕಿಯೇ ಬರೆಸುತ್ತೇನೆ. ಹೆಂಚಿನ ಮುಂದೆ ನಿಂತವರಿಗೆ ಅದು ಏನೆಂದು ಬೇರೆ ಹೇಳಬೇಕಿಲ್ಲ.

ನಿಮ್ಮ ಮಗ ಒಳ್ಳೆಯ ಮನಸ್ಸಿನಿಂದಲೇ ತಿದ್ದಿರಬಹುದು. ಆದರೆ ಬೀಗರ ಮುಂದೆ ತಿದ್ದಿದ್ದು ಸರಿಯಲ್ಲ, ಅದನ್ನು ನಾನು ನೇರವಾಗಿಯೇ ಹೇಳುತ್ತೇನೆ. ಈ ಪುಟವನ್ನು ಅವರಿಗೂ ಓದಲು ಕೊಡಿ. ಇಂಗ್ಲಿಷ್ ಪದ ಆಡುವುದಿಲ್ಲ ಎಂಬ ಹಟ ಮಾತ್ರ ಬೇಡ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಿಪೋದ ಕಥೆ ಹೇಳಿ. ನಸುಕಿನ ಮೊದಲ ಬಸ್ಸಿನ ಮಾತು ಬಂದಾಗ ಶೆಡ್ಯೂಲ್ ಅಂತಲೇ ಹೇಳಿ.