ಓಡೆಟ್ ಮೇಲೆ ಅಷ್ಟೊಂದು ಸಿಟ್ಟು ಯಾಕೆ?

ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ಟ್ ಅವರ ಮಹಾಕಾದಂಬರಿ ‘ಇನ್ ಸರ್ಚ್ ಆಫ್ ಲಾಸ್ಟ್ ಟೈಮ್’ನ ಮೊದಲ ಸಂಪುಟದಲ್ಲಿ ಪ್ಯಾರಿಸ್‌ನ ಸಿರಿವಂತ ಸ್ವಾನ್, ಓಡೆಟ್ ಎಂಬ ಹೆಣ್ಣಿಗೆ ಮನಸೋಲುವ ಪ್ರೇಮಕಥೆಯಿದೆ. ಅದನ್ನು ಮುಗಿಸಿದ ಓದುಗರೊಬ್ಬರು ಬರೆದಿದ್ದಾರೆ: ‘ಅಷ್ಟು ತಿಳಿದವನು ಒಬ್ಬ ಸುಳ್ಳುಬುರುಕಿಯ ಹಿಂದೆ ಬಿದ್ದು ಹಾಳಾಗುವುದನ್ನು ಇಷ್ಟು ಪುಟ ಓದಬೇಕಿತ್ತಾ? ಇದರಲ್ಲಿ ಪ್ರೀತಿ ಎಲ್ಲಿದೆ?’

ಪ್ರಿಯ ಓದುಗರೇ,

ನಿಮ್ಮ ಬೇಸರ ಹೊಸದೇನಲ್ಲ. ಈ ಪುಸ್ತಕವನ್ನು ಪ್ರಕಾಶಕರೂ ಬೇಡವೆಂದಿದ್ದರು. 1913ರಲ್ಲಿ ಪ್ರೂಸ್ಟ್ ತಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸಿದರು. ಆದರೆ ತಪ್ಪನ್ನೆಲ್ಲ ಓಡೆಟ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಶುರುವಿನಿಂದ ನೋಡಿ. ಸ್ವಾನ್‌ಗೆ ಅವಳು ಮೊದಲು ಹಿಡಿಸಲೇ ಇಲ್ಲ. ಮುಖ ತೀರಾ ಚೂಪು, ಕೆನ್ನೆಮೂಳೆ ಜಾಸ್ತಿಯೇ ಎದ್ದಿದೆ ಅಂದುಕೊಂಡ. ಆಮೇಲೊಂದು ದಿನ, ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಇಟಲಿಯ ಹಳೆಯ ಚಿತ್ರಕಾರ ಬೊಟ್ಟಿಚೆಲ್ಲಿ ಬರೆದ ಹೆಣ್ಣೊಬ್ಬಳ ಮುಖ ಅವಳಲ್ಲಿ ಕಂಡಿತು. ಆ ಚಿತ್ರದ ಪ್ರತಿಯನ್ನು ಓಡೆಟ್‌ಳ ಫೋಟೋ ಎಂಬಂತೆ ಮೇಜಿನ ಮೇಲಿಟ್ಟುಕೊಂಡ. ಆಗಲೂ ಹುಚ್ಚು ಹಿಡಿದಿರಲಿಲ್ಲ. ಹಿಡಿದದ್ದು ಅವಳು ಸಿಗದ ರಾತ್ರಿ. ಇಬ್ಬರೂ ಸಂಜೆ ಸೇರುತ್ತಿದ್ದ ವೆರ್ದುರಾಂ ದಂಪತಿಯ ಮನೆಗೆ ತಡವಾಗಿ ಬಂದ. ಅವಳು ಅಷ್ಟರಲ್ಲಿ ಹೊರಟುಹೋಗಿದ್ದಳು. ಪ್ಯಾರಿಸ್‌ನ ದೊಡ್ಡ ಬೀದಿಗಳ ಹೋಟೆಲುಗಳಲ್ಲೆಲ್ಲ ಅವಳಿಗಾಗಿ ಹುಡುಕಾಡಿದ.

ಪ್ರೀತಿ ಎಲ್ಲಿದೆ ಅಂತ ಕೇಳಿದಿರಲ್ಲ, ಅದು ಹುಟ್ಟಿದ್ದು ಈ ಹುಡುಕಾಟದಲ್ಲಿ. ಮೊದಲು ಪ್ರೀತಿ, ಆಮೇಲೆ ಅನುಮಾನ ಎಂದು ನಾವು ನಂಬಿರುತ್ತೇವೆ. ಇಲ್ಲಿ ಕೈತಪ್ಪಿ ಹೋದಳೇನೋ ಎಂಬ ಭಯ ಮೊದಲು. ಪ್ರೀತಿ ಅದರ ಬೆನ್ನಿಗೇ ಬರುತ್ತದೆ.

ಕಿಟಕಿಯ ಪ್ರಸಂಗವನ್ನು ದಯವಿಟ್ಟು ಇನ್ನೊಮ್ಮೆ ಓದಿ. ತಲೆನೋವು ಎಂದು ಓಡೆಟ್ ಅವನನ್ನು ಬೇಗ ಕಳಿಸುತ್ತಾಳೆ. ಮನೆಗೆ ಬಂದ ಮೇಲೆ ಸ್ವಾನ್‌ಗೆ ಸಂಶಯ: ಯಾರನ್ನೋ ಕಾಯುತ್ತಿದ್ದಾಳಾ? ಗಾಡಿ ಹಿಡಿದು ವಾಪಸ್ ಹೋಗುತ್ತಾನೆ. ಬೀದಿಯೆಲ್ಲ ಕತ್ತಲು. ಒಂದೇ ಒಂದು ಕಿಟಕಿಯ ಸಂದಿಯಿಂದ ಬೆಳಕು, ಒಳಗೆ ಗುಸುಗುಸು ಮಾತು. ಅಲ್ಲಿ ನಿಂತವನಿಗೆ ಬರೀ ಸಂಕಟವಿಲ್ಲ, ಒಂಥರಾ ಖುಷಿಯೂ ಇದೆ! ವಿದ್ಯಾರ್ಥಿಯಾಗಿದ್ದಾಗ ಇದ್ದ ಸತ್ಯದ ಹಸಿವು ಮತ್ತೆ ಎದ್ದಿದೆ. ಕದ್ದು ನೋಡುವುದು, ಕದ್ದು ಕೇಳುವುದು ಈಗ ಅವನಿಗೆ ನಾಚಿಕೆಗೇಡು ಅನ್ನಿಸುವುದಿಲ್ಲ. ಹಳೆಯ ಹಸ್ತಪ್ರತಿ ಬಿಡಿಸಿ ಓದುವಷ್ಟೇ ಗೌರವದ ಕೆಲಸ ಅನ್ನಿಸುತ್ತದೆ. ಕೊನೆಗೆ ಕಿಟಕಿ ಬಡಿಯುತ್ತಾನೆ. ತೆರೆದವರು ಇಬ್ಬರು ವಯಸ್ಸಾದ ಗಂಡಸರು, ಒಬ್ಬರ ಕೈಯಲ್ಲಿ ದೀಪ. ಅದು ಪಕ್ಕದ ಮನೆ.

ನೀವು ‘ಅಷ್ಟು ತಿಳಿದವನು’ ಅಂದಿರಲ್ಲ, ಅವನನ್ನು ಕೆಡಿಸಿದ್ದು ಆ ತಿಳಿವಳಿಕೆಯೇ. ದಡ್ಡನಾಗಿದ್ದರೆ ಸುಮ್ನೆ ಮಲಗುತ್ತಿದ್ದ.

ಇನ್ನು ಓಡೆಟ್. ಸುಳ್ಳು ಹೇಳುತ್ತಾಳೆ, ನಿಜ. ಫೋರ್ಶ್‌ವಿಲ್ ಎಂಬ ಇನ್ನೊಬ್ಬನ ಜೊತೆ ಸಂಬಂಧವೂ ಇದೆ. ಆದರೆ ಗಂಡಸರ ದುಡ್ಡಿನಲ್ಲಿ ಬದುಕಬೇಕಾದವಳು ಅವಳು. ಸ್ವಾನ್ ಕೂಡ ಕೊಡುತ್ತಾನೆ. ನಿಜ ಹೇಳಿದರೆ ಅವಳ ಗತಿಯೇನು? ಅವಳು ಸದಾ ಜೊತೆಗಿಟ್ಟುಕೊಳ್ಳುವ ಮೇರಿಮಾತೆಯ ಪದಕದ ಮೇಲೆ ಆಣೆ ಮಾಡಿಸುವ ಮಟ್ಟಕ್ಕೆ ಇಳಿಯುತ್ತಾನೆ ಸ್ವಾನ್. ನಿಜ ಹೊರಬಿದ್ದಾಗ ತಡೆದುಕೊಳ್ಳಲಾರದೆ ನರಳುವವನೂ ಅವನೇ. ಇಡೀ ಕಥೆ ನಡೆಯುವುದು ಅವನ ತಲೆಯೊಳಗೆ. ಅವಳಿಗೆ ಏನನ್ನಿಸಿತು ಎಂದು ನಮಗೆ ಅವಳ ಬಾಯಿಂದ ತಿಳಿಯುವುದೇ ಇಲ್ಲ. ಕಥೆ ಹೇಳುವವನೂ ತಾನು ಹುಟ್ಟುವ ಮುಂಚೆ ನಡೆದದ್ದನ್ನು ಬೇರೆಯವರಿಂದ ಕೇಳಿ ಹೇಳುತ್ತಿದ್ದಾನೆ. ‘ಸುಳ್ಳುಬುರುಕಿ’ ಎಂದು ತೀರ್ಪು ಕೊಡುವಾಗ ಇದು ನೆನಪಿರಲಿ.

ಕೊನೆಗೆ ಸ್ವಾನ್, ನನಗೆ ಒಪ್ಪದ ಥರದ ಹೆಣ್ಣಿಗಾಗಿ ವರ್ಷಗಟ್ಟಲೆ ಹಾಳುಮಾಡಿಕೊಂಡೆನಲ್ಲ ಎಂದು ಹಲುಬುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚಬೇಡಿ. ಮುಂದಿನ ಭಾಗದಲ್ಲಿ ಅವಳು ಶ್ರೀಮತಿ ಸ್ವಾನ್! ಪ್ರೀತಿ ಆರಿದ ಮೇಲೆ ಮದುವೆಯಾಗಿದ್ದಾನೆ. ಜಿಲ್ಬರ್ಟ್ ಎಂಬ ಮಗಳಿದ್ದಾಳೆ. ಕಥೆ ಹೇಳುವ ಹುಡುಗ ಅವಳ ಹಿಂದೆ ಬೀಳುತ್ತಾನೆ. ಅದನ್ನು ಓದಿ, ಆಮೇಲೂ ಸಿಟ್ಟು ಉಳಿದಿದ್ದರೆ ಖಂಡಿತ ಬರೆಯಿರಿ.

– ಸಂಪಾದಕ