ಹಾಲು ಬಿಟ್ಟಿದ್ದಕ್ಕೆ ಕಾಲು ನೋವಾ?

ಪ್ರಶ್ನೆ: ಸರ್, ನನಗೆ 38 ವರ್ಷ. ತುಮಕೂರಿನಲ್ಲಿ ಮನೆ, ಕೊರಟಗೆರೆ ಕಡೆ ಶಾಲೆಯಲ್ಲಿ ಕೆಲಸ. ಯುಗಾದಿಗೆ ಹಾಲು, ಮೊಸರು, ಮೊಟ್ಟೆ, ಮಾಂಸ ಎಲ್ಲ ಬಿಟ್ಟೆ. ಅದೇ ವಾರ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡಲು ಶುರು ಮಾಡಿದೆ, ದಿನಾ 12 ಸುತ್ತು. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಚಪಾತಿ ಪಲ್ಯ, ರಾತ್ರಿ ಸೌತೆಕಾಯಿ. ಮುದ್ದೆ, ಅನ್ನ ಮುಟ್ಟುತ್ತಿಲ್ಲ. ಮೂರನೇ ವಾರಕ್ಕೆ ಸುಸ್ತು, ಮೊಣಕಾಲಿನ ಕೆಳಗೆ ಮೂಳೆ ಪಕ್ಕ ನೋವು. ಹಾಲು ಬಿಟ್ಟಿದ್ದಕ್ಕೇ ಹೀಗಾಗಿದ್ದು ಅಂತಾರೆ ನಮ್ಮತ್ತೆ. ಡಿಸೆಂಬರ್ ಒಳಗೆ 21 ಕಿಲೋಮೀಟರ್ ಓಡುವ ಆಸೆ. ಎರಡರಲ್ಲಿ ಯಾವುದನ್ನು ಬಿಡಲಿ?
— ಹೆಸರು ಬೇಡ, ತುಮಕೂರು

ಉತ್ತರ: ಯಾವುದನ್ನೂ ಬಿಡಬೇಡಿ ಮೇಡಂ. ಆದರೆ ಒಂದೇ ವಾರದಲ್ಲಿ ಎರಡನ್ನೂ ಹಿಡಿದಿದ್ದು ತಪ್ಪಾಯ್ತು. ಈಗ ಸುಸ್ತು ಊಟದಿಂದ ಬಂತೋ ಓಟದಿಂದ ಬಂತೋ ಹೇಳುವುದು ಕಷ್ಟ. ಅಷ್ಟರಲ್ಲಿ ಮನೆಯಲ್ಲಿ ತೀರ್ಪು ಬಂದೇಬಿಟ್ಟಿದೆ.

ಅತ್ತೆಯವರಿಗೆ ಮೊದಲು ಸಮಾಧಾನ ಹೇಳಿ. ಮೂರು ವಾರ ಹಾಲು ಬಿಟ್ಟರೆ ಕಾಲಿನ ಮೂಳೆ ನೋಯುವುದಿಲ್ಲ. 400 ಮೀಟರಿನ 12 ಸುತ್ತು ಅಂದರೆ 4.8 ಕಿಲೋಮೀಟರ್. ಬಸ್ಸು ಹಿಡಿಯಲು ಮಾತ್ರ ಓಡಿ ಗೊತ್ತಿದ್ದ ಕಾಲಿಗೆ ದಿನಾ ಇಷ್ಟು! ಉಸಿರು ಬೇಗ ಪಳಗುತ್ತದೆ. ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಬರುತ್ತಿದೆಯಲ್ಲ ಅಂತ ನಾವು ಓಡುತ್ತಾ ಹೋಗುತ್ತೇವೆ, ಕಾಲು ಆಮೇಲೆ ಲೆಕ್ಕ ಕೇಳುತ್ತದೆ. ನಾನು 44ನೇ ವಯಸ್ಸಿಗೆ ಶುರು ಮಾಡಿದವನು. ಮೊದಲ ದಿನವೇ ಬಟವಾಡಿಯಿಂದ ಕ್ಯಾತ್ಸಂದ್ರಕ್ಕೆ ಓಡಿದೆ, ತಟ್ಟೆ ಇಡ್ಲಿ ಆಸೆಗೆ. ವಾಪಸ್ ಬಂದದ್ದು ಆಟೋದಲ್ಲಿ. ತಿಂಗಳಿಡೀ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ.

ನೋವು ಹೋಗುವ ತನಕ ಬರೀ ನಡೆಯಿರಿ. ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ, ಅಥವಾ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆ ವೈದ್ಯರ ಹತ್ತಿರ ಹೋಗಿ. ಅದು ಸಣ್ಣ ಬಿರುಕು ಇರಬಹುದು. ಏನೂ ಇಲ್ಲವಾದರೆ ವಾರಕ್ಕೆ ಮೂರೇ ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ಪ್ರತಿ ವಾರ ಓಟ ಸ್ವಲ್ಪ ಉದ್ದ, ನಡಿಗೆ ಸ್ವಲ್ಪ ಗಿಡ್ಡ. ಪಕ್ಕದವರ ಜೊತೆ ಮಾತಾಡುತ್ತಾ ಓಡುವಂತಿರಬೇಕು. ಮಾತು ತುಂಡಾದರೆ ಜೋರಾಯ್ತು ಅಂತ ಅರ್ಥ. ನಿಮ್ಮನ್ನು ವಾಕಿಂಗ್ ಅಜ್ಜಂದಿರು ಹಿಂದೆ ಹಾಕುತ್ತಾರೆ, ಹಾಕಲಿ. ಅಮಾನಿಕೆರೆ ದಂಡೆಯಲ್ಲಿ ನನ್ನನ್ನು ಎಷ್ಟೋ ವರ್ಷ ಹಿಂದೆ ಹಾಕಿದ್ದಾರೆ. ಎರಡೂವರೆ ಮೂರು ತಿಂಗಳಲ್ಲಿ ನಿಲ್ಲದೆ 5 ಕಿಲೋಮೀಟರ್ ಓಡಿದರೆ ಸಾಕು. 21 ಈ ಡಿಸೆಂಬರಿಗೆ ಬೇಡ. ಮುಂದಿನ ಡಿಸೆಂಬರ್ ಎಲ್ಲೂ ಓಡಿಹೋಗುವುದಿಲ್ಲ.

ಇನ್ನು ಊಟ. ನಿಮ್ಮ ಸುಸ್ತಿಗೆ ಕಾರಣ ಹಾಲು ಬಿಟ್ಟಿದ್ದಲ್ಲ, ಅದರ ಜಾಗಕ್ಕೆ ಏನೂ ತರದೇ ಇದ್ದದ್ದು ಅನ್ನಿಸುತ್ತದೆ. ಸೌತೆಕಾಯಿ ತಿಂದು ಮಲಗಿ, ಬೆಳಿಗ್ಗೆ ಎದ್ದು 12 ಸುತ್ತು ಓಡಿದರೆ ಯಾರಿಗಾದರೂ ಕಣ್ಣು ಕತ್ತಲೆ ಬರುತ್ತದೆ. ಅದೂ ತುಮಕೂರಿನಲ್ಲಿ ಕೂತು ಮುದ್ದೆ ಬಿಡೋದಾ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ರಾಗಿಯದು ಪೂರ್ತಿ ಮೈಗೆ ಹತ್ತುವುದಿಲ್ಲ, ನಿಜ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ರಾಗಿಯ ಪ್ರೋಟೀನಿನಲ್ಲಿ ಏನು ಕಡಿಮೆಯೋ ಅದು ಕಾಳಿನಲ್ಲಿದೆ. ಮುದ್ದೆಗೆ ಹುರುಳಿ ಬಸ್ಸಾರು, ಕಾಲ ಬಂದಾಗ ಅವರೆಕಾಳು ಸಾರು. ಬ್ಯಾಗಿನಲ್ಲಿ ಒಂದು ಹಿಡಿ ಪಾವಗಡದ ಕಡಲೆಕಾಯಿ ಇರಲಿ, 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್. ಸೊಪ್ಪಿಗೆ ನಿಂಬೆಹಣ್ಣು ಹಿಂಡಿ. ಕಾಫಿ ಟೀ ಊಟದ ಜೊತೆಗೆ ಬೇಡ, ಕಬ್ಬಿಣದ ಅಂಶ ಹತ್ತಲು ಬಿಡುವುದಿಲ್ಲ. ತೆಂಗಿನಹಾಲು ರುಚಿಗೆ ಸರಿ, ಹಾಲಿನ ಬದಲಿ ಅಂತ ತಿಳಿಯಬೇಡಿ. ತಟ್ಟೆ ಇಡ್ಲಿ ಬೆಣ್ಣೆ ಇಲ್ಲದೆ ಕೇಳಿದರೆ ಹೋಟೆಲಿನವರು ಒಂದು ಥರ ನೋಡುತ್ತಾರೆ, ಅಭ್ಯಾಸವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅತ್ತೆ ಅರ್ಧ ಸರಿ. ವಿಟಮಿನ್ ಬಿ12 ಗಿಡದ ಆಹಾರದಲ್ಲಿ ಸಿಗುವುದಿಲ್ಲ. ಹುದುಗಿದ ಹಿಟ್ಟಿನಲ್ಲಿದೆ ಅನ್ನುವವರ ಮಾತು ನೆಚ್ಚಬೇಡಿ. ನಾನು ಹಾಲು ಬಿಟ್ಟು ಎರಡು ವರ್ಷವಾದ ಮೇಲೆ ಅಂಗಾಲು ಜುಮುಜುಮು ಅನ್ನತೊಡಗಿತು. ಶೂ ಸರಿಯಿಲ್ಲ ಅಂದುಕೊಂಡೆ. ಹೊಸ ಜೊತೆ ತಂದೆ, ಹೋಗಲಿಲ್ಲ. ಇನ್ನೊಂದು ಜೊತೆ ತಂದೆ. ತೋರಿಸಿಕೊಂಡ ವೈದ್ಯರೊಬ್ಬರು ಓಟ ಬಿಡಿ ಅಂದರು. ನಾಲಿಗೆ ಉರಿ ಶುರುವಾದ ಮೇಲೆ ಬೇರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು, ಬಿ12 ತಳ ಕಂಡಿತ್ತು. ಇಂಜೆಕ್ಷನ್ ತಗೊಂಡೆ. ಆ ಎರಡು ಜೊತೆ ಶೂ ಇನ್ನೂ ಅಟ್ಟದ ಮೇಲಿವೆ. ನೀವು ಈಗಲೇ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ಮೂರೂ ನೋಡಿಸಿ. ವೈದ್ಯರನ್ನು ಕೇಳಿ ಬಿ12 ಮಾತ್ರೆ ಶುರು ಮಾಡಿ. ಅದು ಹಾಲು ಬಿಟ್ಟಿರುವಷ್ಟು ಕಾಲವೂ ಬೇಕು.

ಶಕ್ತಿ ಸಾಲುತ್ತದಾ ಅಂತ ಮನೆಯಲ್ಲಿ ಕೇಳಿದರೆ ಅಮೆರಿಕದ ಸ್ಕಾಟ್ ಜುರೆಕ್ ಹೆಸರು ಹೇಳಿ. ಹಾಲೂ ಇಲ್ಲದ ಸಸ್ಯಾಹಾರವೊಂದರಲ್ಲೇ, 100 ಮೈಲಿಯ ವೆಸ್ಟರ್ನ್ ಸ್ಟೇಟ್ಸ್ ಓಟವನ್ನು 1999ರಿಂದ 2005ರವರೆಗೆ ಸತತ 7 ಸಲ ಗೆದ್ದವರು. ಆದರೆ ಅವರು ಊಟ ಬದಲಾಯಿಸುವ ಮೊದಲೇ ಪಳಗಿದ ಓಟಗಾರ. ಅದನ್ನು ಅತ್ತೆಗೆ ಹೇಳಬೇಡಿ, ನೀವು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಓಡಿ ಬಂದ ಮೇಲೆ ಎಳನೀರು ಕುಡಿದರೆ ಸಾಕಾ?
— ಓದುಗ, ತಿಪಟೂರು

ಉತ್ತರ: ಒಂದು ಗಂಟೆಯೊಳಗಿನ ಓಟಕ್ಕೆ ನೀರೇ ಸಾಕು. ಅದಕ್ಕಿಂತ ಜಾಸ್ತಿ ಬೆವರಿದರೆ ಎಳನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಿ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಎಳನೀರಿನಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ಅಂದಹಾಗೆ, ಕೊಬ್ಬರಿ ಊರಿನವರು ಎಳನೀರು ಕೆಡವುತ್ತೀರಾ? ಮನೆಯ ಹಿರಿಯರನ್ನು ಒಂದು ಮಾತು ಕೇಳಿಬಿಡಿ.